ಟ್ರೈನಿಂಗಿನಿಂದ ಬೇಗ ವಾಪಸ್ ಬಂದವನು

ಬೆಳಗಿನ ಜಾವ ಐದಕ್ಕೆ ನಮ್ಮ ದುದ್ದ ಕಡೆಯ ಯಾವ ರಸ್ತೆಗಾದರೂ ಬನ್ನಿ. ಡೇರಿಗೆ ಹಾಲು ಹಾಕಲು ಕ್ಯಾನ್ ಹಿಡಿದು ಹೊರಟವರ ಪಕ್ಕದಲ್ಲೇ ಟ್ರ್ಯಾಕ್ ಪ್ಯಾಂಟ್ ತೊಟ್ಟ ಹುಡುಗರು ಓಡುತ್ತಿರುತ್ತಾರೆ. ಒಬ್ಬನ ಕೈಯಲ್ಲಿ ಮೊಬೈಲ್, ಅದರಲ್ಲಿ ಟೈಮರ್. 1600 ಮೀಟರನ್ನು ಯಾರು ಎಷ್ಟು ನಿಮಿಷಕ್ಕೆ ಮುಗಿಸಿದರು ಎನ್ನುವುದೇ ದಿನದ ದೊಡ್ಡ ಸುದ್ದಿ. ಪಿಯುಸಿ ಮುಗಿಸಿದವನು, ಐಟಿಐ ಅರ್ಧಕ್ಕೆ ಬಿಟ್ಟವನು, ಡಿಗ್ರಿ ಓದುತ್ತಲೇ ರ‍್ಯಾಲಿಗೆ ಕಾಯುತ್ತಿರುವವನು, ಎಲ್ಲರೂ ಅಲ್ಲಿರುತ್ತಾರೆ. ಮದ್ದೂರು ತಾಲ್ಲೂಕಿನ ಗುಡಿಗೆರೆಯ ಸಿಆರ್‌ಪಿಎಫ್ ಯೋಧ ಎಚ್. ಗುರು 2019ರ ಫೆಬ್ರುವರಿ 14ರಂದು ಪುಲ್ವಾಮಾದಲ್ಲಿ ಹುತಾತ್ಮರಾದ ಮೇಲಂತೂ ಯೂನಿಫಾರ್ಮ್ ಎಂದರೆ ನಮ್ಮ ಜಿಲ್ಲೆಯ ಹುಡುಗರಿಗೆ ಬರೀ ಸಂಬಳದ ಮಾತಲ್ಲ.

ಆಯ್ಕೆಯಾದವನನ್ನು ಕಳಿಸಿಕೊಡುವುದು ಹೇಗೆಂದು ನಮಗೆ ಚೆನ್ನಾಗಿ ಗೊತ್ತು. ಫ್ಲೆಕ್ಸ್, ಹಾರ, ಮಂಡ್ಯ ರೈಲ್ವೆ ಸ್ಟೇಷನ್ನಿನಲ್ಲಿ ಗ್ರೂಪ್ ಫೋಟೊ. ಆದರೆ ಟ್ರೈನಿಂಗ್ ಮುಗಿಯುವ ಮೊದಲೇ ವಾಪಸ್ ಬಂದವನನ್ನು ಹೇಗೆ ಮಾತನಾಡಿಸಬೇಕು ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ.

ನನಗೆ ಹತ್ತಿರದವನೇ ಆದ ಒಬ್ಬ ಹುಡುಗ ಹಾಗೆ ಬಂದ. ಅವನ ಹೆಸರು, ಸೇರಿದ್ದ ಸೆಂಟರ್ ಇಲ್ಲಿ ಬೇಡ. ಓಟದಲ್ಲಿ ನಮ್ಮೆಲ್ಲರಿಗಿಂತ ಮುಂದಿದ್ದವನು. ಅಲ್ಲಿ ಕೆಲವು ವಾರಗಳಾದ ಮೇಲೆ ರಾತ್ರಿ ನಿದ್ದೆ ಹೋಯಿತು. ಫಾಲ್‌ಇನ್‌ಗೆ ಸೀಟಿ ಊದಿದ ಕೂಡಲೇ ಎದೆ ಬಡಿದುಕೊಳ್ಳುವುದು, ಕೈ ನಡುಗುವುದು, ಉಸಿರು ಸಿಕ್ಕದೆ ಸತ್ತೇ ಹೋಗುತ್ತೇನೆ ಅನ್ನಿಸುವುದು ಶುರುವಾಯಿತು. ಇಸಿಜಿ ತೆಗೆದರೆ ಎಲ್ಲ ಸರಿಯಿತ್ತು. ಕೊನೆಗೆ ಮನೋವೈದ್ಯರು ನೋಡಿದರು, ಬೋರ್ಡ್ ಕೂತಿತು, ಮನೆಗೆ ಬಂದ. ಬಂದ ದಿನವೇ ಟೀ ಅಂಗಡಿಯಲ್ಲಿ ಕೇಳಿದ್ದು, ‘ಏನ್ಲಾ, ರಜವಾ?’ ಹತ್ತು ದಿನ ಕಳೆದ ಮೇಲೆ ಆ ಪ್ರಶ್ನೆ ‘ತಡ್ಕಳಕ್ ಆಗ್ನಿಲ್ವಂತೆ’ ಎಂದು ಬದಲಾಯಿತು. ಅವನ ಅವ್ವ ಕೇಳಿದವರಿಗೆಲ್ಲ ‘ಕಾಲು ಉಳುಕಿತ್ತು ಕಣಪ್ಪ’ ಅಂದರು. ಕಾಲು ಉಳುಕಿದರೆ ಮರ್ಯಾದೆ ಹೋಗುವುದಿಲ್ಲವಲ್ಲ.

ಅವನು ನನ್ನನ್ನು ಕೇಳಿದ್ದು ಒಂದೇ ಮಾತು. ‘ಮತ್ತೆ ಹೋಗ್ಬೋದಾ?’ ಆ ಪ್ರಶ್ನೆ ಹಿಡಿದು ನಾನು ಓದಿದ್ದು, ವಿಚಾರಿಸಿದ್ದು ಈ ಬರಹದಲ್ಲಿದೆ. ಇದೇ ಪ್ರಶ್ನೆ ಇಟ್ಟುಕೊಂಡು ಯಾರಿಗೂ ಹೇಳದೆ ಕೂತಿರುವವರು ಇನ್ನೂ ಇದ್ದಾರೆ ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ಮೊದಲು ಮಾಡಬೇಕಾದ್ದು, ಕೈಯಲ್ಲಿರುವ ಡಿಸ್ಚಾರ್ಜ್ ಕಾಗದವನ್ನು ಸರಿಯಾಗಿ ಓದುವುದು. ನಮ್ಮ ಹುಡುಗ ಅದನ್ನು ಟ್ರಂಕಿನ ತಳದಲ್ಲಿ ಹಾಕಿ ಮೇಲೆ ಬಟ್ಟೆ ಮುಚ್ಚಿದ್ದ. ಸೇನೆಯಿಂದ ಬೇಗ ಹೊರಬಂದವರೆಲ್ಲ ಒಂದೇ ಕಾರಣಕ್ಕೆ ಬಂದವರಲ್ಲ. 1954ರ ಸೇನಾ ನಿಯಮಗಳ 13ನೇ ನಿಯಮದಲ್ಲಿ ಬಿಡುಗಡೆಯ ಬಗೆಗಳನ್ನು ಬೇರೆ ಬೇರೆಯಾಗಿ ಪಟ್ಟಿ ಮಾಡಿದ್ದಾರೆ. ವೈದ್ಯಕೀಯ ಮಂಡಳಿ ಕೂತು ‘ಸೇವೆಗೆ ಅನರ್ಹ’ ಎಂದು ಬರೆದು ಕಳಿಸುವುದು ಒಂದು ಬಗೆ. ಪ್ರಮಾಣ ವಚನ ಸ್ವೀಕರಿಸದ, ಅಂದರೆ ಕಸಮ್ ಪರೇಡ್ ಆಗದ ರಿಕ್ರೂಟ್ ‘ದಕ್ಷ ಸೈನಿಕನಾಗುವ ಸಾಧ್ಯತೆ ಇಲ್ಲ’ ಎಂದು ಕಮಾಂಡಿಂಗ್ ಅಧಿಕಾರಿಯೇ ಬಿಡುಗಡೆ ಮಾಡುವುದು ಇನ್ನೊಂದು. ಸ್ವಂತ ಕೋರಿಕೆಯ ಮೇಲೆ ಬರುವುದು ಮತ್ತೊಂದು. ಅಗ್ನಿವೀರರ ವಿಷಯದಲ್ಲಂತೂ, ಅವಧಿ ಮುಗಿಯುವ ಮೊದಲು ಸ್ವಂತ ಕೋರಿಕೆಯ ಮೇಲೆ ಬಿಡುವುದು ಅಸಾಧಾರಣ ಸಂದರ್ಭಗಳಲ್ಲಿ ಮಾತ್ರ ಎಂದು ಯೋಜನೆಯೇ ಹೇಳುತ್ತದೆ. ಊರಿನವರಿಗೆ ಇವೆಲ್ಲವೂ ‘ಓಡ್ಬಂದ’ ಎಂಬ ಒಂದೇ ಪದ. ಮತ್ತೆ ಸೇರುವ ಪ್ರಶ್ನೆಗೆ ಮಾತ್ರ ಆ ಕಾಗದದ ಒಂದು ಸಾಲೇ ದಾರಿ ತೋರಿಸುವುದು.

ಆ ಕಾಗದದಲ್ಲಿ ಒಂದು ಇಂಗ್ಲಿಷ್ ಪದವೂ ಕಾಣಬಹುದು: ‘ಶೇಪ್’. ಸೇನೆಯಲ್ಲಿ ಆರೋಗ್ಯವನ್ನು ಐದು ಅಕ್ಷರಗಳಲ್ಲಿ ಅಳೆಯುತ್ತಾರೆ. ಎಸ್ ಎಂದರೆ ಮನಸ್ಸು, ಎಚ್ ಕಿವಿ, ಎ ಕೈಕಾಲು, ಪಿ ದೇಹದ ಸಾಮರ್ಥ್ಯ, ಇ ಕಣ್ಣು. ಎಲ್ಲದರಲ್ಲೂ ಒಂದು ಇದ್ದರೆ ಶೇಪ್-ಒನ್, ಪೂರ್ತಿ ಫಿಟ್. ಗಮನಿಸಿ, ಮನಸ್ಸಿನ ಅಕ್ಷರ ಬರುವುದು ಎಲ್ಲಕ್ಕಿಂತ ಮೊದಲು. ನಾವು ರ‍್ಯಾಲಿಗೆ ತಯಾರಾಗುವಾಗ ಆ ಒಂದು ಅಕ್ಷರ ಬಿಟ್ಟು ಉಳಿದ ನಾಲ್ಕಕ್ಕೆ ಮಾತ್ರ ತಯಾರಾಗುತ್ತೇವೆ. ರ‍್ಯಾಲಿಯ ಅಧಿಸೂಚನೆಯಲ್ಲಿ ‘ದೃಢ ದೇಹ, ಉತ್ತಮ ಮಾನಸಿಕ ಆರೋಗ್ಯ’ ಎಂದು ಒಟ್ಟಿಗೇ ಬರೆದಿರುತ್ತದೆ. ಅಕಾಡೆಮಿಗಳಲ್ಲಿ ದುಡ್ಡು ಕಟ್ಟಿ ಕಲಿಯುವುದು ಮೊದಲನೆಯದನ್ನು ಮಾತ್ರ.

ಇನ್ನು ಮತ್ತೆ ಸೇರುವ ಮಾತು. ವೈದ್ಯಕೀಯ ಕಾರಣಕ್ಕೆ ಹೊರಬಂದ ಮಾಜಿ ಸೈನಿಕರನ್ನು ಮತ್ತೆ ಸೇರಿಸಿಕೊಳ್ಳುವ ಬಗ್ಗೆ 1987ರ ಸೇನಾ ನಿಯಮಾವಳಿಯ 143ನೇ ಕಂಡಿಕೆಯಲ್ಲಿ ಬರೆದಿದೆ. ಅಂಗವೈಕಲ್ಯ ಪಿಂಚಣಿ ಪಡೆಯುತ್ತಿರುವವರನ್ನು ಮತ್ತೆ ತೆಗೆದುಕೊಳ್ಳುವುದಿಲ್ಲ. ಆ ಪಿಂಚಣಿ ಇಲ್ಲದೆ ಹೊರಬಂದವರು, ಅಥವಾ ಮರುಪರೀಕ್ಷೆಯಲ್ಲಿ ಅಂಗವೈಕಲ್ಯ ಶೇ 20ಕ್ಕಿಂತ ಕಡಿಮೆ ಎಂದಾಗಿ ಪಿಂಚಣಿ ನಿಂತವರು, ಮತ್ತೊಮ್ಮೆ ವೈದ್ಯಕೀಯ ಮಂಡಳಿ ಮುಂದೆ ಹೋಗಿ ಫಿಟ್ ಎಂದು ಬಂದರೆ ಅರ್ಹರು. ಇದನ್ನು ಓದಿದಾಗ ನನಗೆ ಖುಷಿಯಾಗಿದ್ದು ನಿಜ. ಆದರೆ ಇದು ಅಗ್ನಿಪಥ ಬರುವುದಕ್ಕೆ 35 ವರ್ಷ ಮೊದಲಿನ ನಿಯಮ. ಮಾಜಿ ಸೈನಿಕರಿಗಾಗಿ ಬರೆದದ್ದು. ಟ್ರೈನಿಂಗಿನಲ್ಲೇ ಹೊರಬಂದ ರಿಕ್ರೂಟ್‌ಗೆ ಇದು ತಾನಾಗಿ ಅನ್ವಯಿಸುತ್ತದೆ ಎಂದುಕೊಂಡು ಕೂರುವಂತಿಲ್ಲ. ತನ್ನ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿಗೆ ಲಿಖಿತವಾಗಿಯೇ ಕೇಳಬೇಕು. ಬೋರ್ಡಿನ ಪ್ರತಿ ಕೈಯಲ್ಲಿ ಇಲ್ಲದಿದ್ದರೆ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು. 30 ದಿನದೊಳಗೆ ಉತ್ತರ ಕೊಡಬೇಕು ಎಂದು ಕಾಯ್ದೆಯಲ್ಲಿದೆ. ಇದಕ್ಕೆ ಏಜೆಂಟರ ಅಗತ್ಯವೇನೂ ಇಲ್ಲ. ‘ಒಳಗಡೆ ನಮ್ಮೋರವ್ರೆ, ಮಾಡಿಸ್ಕೊಡ್ತೀನಿ’ ಎನ್ನುವವರು ನಮ್ಮ ಕಡೆಯೂ ಇದ್ದಾರೆ. ಅವರ ಮನೆ ಕಡೆಗೆ ತಲೆ ಹಾಕಬೇಡಿ.

ಇಲ್ಲೇ ಎಲ್ಲರೂ ಪಿಸುಮಾತಿನಲ್ಲಿ ಕೊಡುವ ಒಂದು ಸಲಹೆ ಬರುತ್ತದೆ. ‘ಹಳೇದು ಯಾಕೆ ಹೇಳ್ತೀಯಾ? ಹೊಸಬನ ಥರ ಅರ್ಜಿ ಹಾಕು, ಇಲ್ಲಾಂದ್ರೆ ಬೇರೆ ಫೋರ್ಸಿಗೆ ಹೋಗು.’ ಈ ಸಲಹೆ ಕೊಟ್ಟವರು ಮುಂದೆ ಜೊತೆಗೆ ನಿಲ್ಲುವುದಿಲ್ಲ. ಸೇರುವಾಗ ತುಂಬುವ ಫಾರಂನಲ್ಲಿ ಹಿಂದಿನ ಸೇವೆಯ ಬಗ್ಗೆ ಪ್ರಶ್ನೆ ಇರುತ್ತದೆ. ಬೇಕೆಂದೇ ಸುಳ್ಳು ಉತ್ತರ ಬರೆದದ್ದು ಗೊತ್ತಾದರೆ 1950ರ ಸೇನಾ ಕಾಯ್ದೆಯ 44ನೇ ಸೆಕ್ಷನ್ ಪ್ರಕಾರ ಐದು ವರ್ಷದವರೆಗೆ ಜೈಲು ಆಗಬಹುದು. ಬೆರಳಚ್ಚು, ಆಧಾರ್ ಎಲ್ಲ ಇರುವ ಕಾಲದಲ್ಲಿ ಗೊತ್ತಾಗದೆ ಹೋಗುವುದೂ ಕಷ್ಟ. ಕಾಯ್ದೆಯ ಮಾತು ಬಿಡಿ. ಮುಚ್ಚಿಟ್ಟು ಹೋದವನಿಗೆ ಅಲ್ಲಿ ಮತ್ತೆ ಎದೆ ಬಡಿದುಕೊಂಡರೆ ಡಾಕ್ಟರ ಹತ್ತಿರ ಹೋಗುವ ದಾರಿಯೂ ಮುಚ್ಚಿರುತ್ತದೆ. ಕೈಯಲ್ಲಿ ರೈಫಲ್, ಜೊತೆಯಲ್ಲಿ ಸೆಕ್ಷನ್ನಿನ ಹತ್ತು ಜನ. ಆಗ ಅದು ಅವನೊಬ್ಬನ ಗುಟ್ಟಾಗಿ ಉಳಿಯುವುದಿಲ್ಲ.

ಇದೇ ಹೆದರಿಕೆಯ ಇನ್ನೊಂದು ಮುಖ, ಚಿಕಿತ್ಸೆಯನ್ನೇ ತೆಗೆದುಕೊಳ್ಳದಿರುವುದು. ‘ಮನೋವೈದ್ಯರ ಹತ್ರ ಹೋದ್ರೆ ರೆಕಾರ್ಡ್ ಆಗುತ್ತೆ, ಆಮೇಲೆ ಯಾವ ಸರ್ಕಾರಿ ಕೆಲಸವೂ ಸಿಗಲ್ಲ’ ಎಂದು ನಮ್ಮ ಹುಡುಗನೂ ಮೂರು ತಿಂಗಳು ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ನನಗೆ ಕೋಪ ಬರುವುದು ಇಲ್ಲಿ. ಬೋರ್ಡಿನ ಕಾಗದದಲ್ಲಿ ರೆಕಾರ್ಡ್ ಆಗಲೇ ಆಗಿದೆ. ಇನ್ನು ಅದರ ಪಕ್ಕದಲ್ಲಿ ಇಡಬಹುದಾದ ಬಲವಾದ ಕಾಗದ ಎಂದರೆ ‘ಚಿಕಿತ್ಸೆ ಪಡೆದಿದ್ದಾರೆ, ಗುಣವಾಗಿದೆ, ಇಷ್ಟು ತಿಂಗಳಿನಿಂದ ಔಷಧ ಇಲ್ಲದೆ ಚೆನ್ನಾಗಿದ್ದಾರೆ’ ಎಂಬ ವೈದ್ಯರ ಬರಹ. ಅದಿದ್ದರೆ ಸೇರಿಸಿಕೊಂಡೇಬಿಡುತ್ತಾರೆ ಎಂದಲ್ಲ. ಅದಿಲ್ಲದೆ ಕೇಳುವುದಕ್ಕೆ ಬಾಯಿಯೇ ಇರುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಚಿಕಿತ್ಸೆಯ ವಿವರವನ್ನು ಗೋಪ್ಯವಾಗಿಡುವುದು ಆಸ್ಪತ್ರೆಯ ಕರ್ತವ್ಯ. ಡಾಕ್ಟರು ನಿಮ್ಮೂರ ಟೀ ಅಂಗಡಿಗೆ ಬಂದು ಹೇಳುವುದಿಲ್ಲ.

ಆತಂಕದ ಕಾಯಿಲೆ ಗುಣವಾಗುವಂಥದ್ದು. ಆ ಎದೆಬಡಿತದ ಹೊಡೆತ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಏರಿ, ಆಮೇಲೆ ತಾನೇ ಇಳಿಯುತ್ತದೆ. ಯೋಚನೆಯ ದಾರಿಯನ್ನು ತಿದ್ದುವ ಆಪ್ತಸಮಾಲೋಚನೆ, ಬೇಕಾದವರಿಗೆ ಮಾತ್ರೆ, ಇವೆರಡೂ ಪರೀಕ್ಷೆಯಾಗಿ ಗೆದ್ದ ದಾರಿಗಳು. ಮಾತ್ರೆ ಕೆಲಸ ಶುರು ಮಾಡಲು ಕೆಲವು ವಾರ ಬೇಕು. ನಾಲ್ಕು ದಿನ ನುಂಗಿ ‘ಏನೂ ಆಗಲಿಲ್ಲ’ ಎಂದು ಬಿಡುವವರೇ ಹೆಚ್ಚು. ಇದಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ಗೇ ಹೋಗಬೇಕೆಂದಿಲ್ಲ. ಮಂಡ್ಯದ ಮಿಮ್ಸ್‌ನಲ್ಲಿ ಮನೋವೈದ್ಯಕೀಯ ವಿಭಾಗವಿದೆ. ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಮಾಡಿದ್ದಾರೆ. ಬಸ್ಸು ಹತ್ತಲೂ ನಾಚಿಕೆ ಎನ್ನುವವರಿಗೆ 14416 ಇದೆ. ಅದು 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್. ಹಗಲು ರಾತ್ರಿ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತನಾಡಬಹುದು. 2023ರ ಕೊನೆಯಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಸೈನಿಕರು ಮತ್ತು ಅವರ ಮನೆಯವರಿಗಾಗಿಯೇ ಇದರ ಪ್ರತ್ಯೇಕ ಘಟಕ ತೆರೆದರು. ಸೈನಿಕರಿಗೆ ಮನಸ್ಸಿನ ತೊಂದರೆಯೇ ಬರುವುದಿಲ್ಲ ಎಂದಿದ್ದರೆ ಸೇನೆ ಅದನ್ನು ಯಾಕೆ ತೆರೆಯುತ್ತಿತ್ತು?

ಧೈರ್ಯಕ್ಕೂ ಇದಕ್ಕೂ ಗಂಟು ಹಾಕುವವರಿಗೆ ಒಂದು ಉದಾಹರಣೆ. ಬಿ.ಎ. ಇಂಗ್ಲಿಷ್ ಓದಿದವರು ವಿಲ್ಫ್ರೆಡ್ ಓವೆನ್ ಹೆಸರು ಕೇಳಿರುತ್ತೀರಿ, ಮೊದಲ ಮಹಾಯುದ್ಧದ ಕವಿ. 1917ರಲ್ಲಿ ‘ಶೆಲ್ ಶಾಕ್’ ಆಗಿ ಅವನನ್ನು ಎಡಿನ್‌ಬರೊ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಗೆ ಸೇರಿಸಿದರು. ಗುಣವಾದ ಮೇಲೆ 1918ರಲ್ಲಿ ಮತ್ತೆ ಫ್ರಾನ್ಸಿನ ರಣರಂಗಕ್ಕೆ ಹೋದ, ಶೌರ್ಯಕ್ಕೆ ಮಿಲಿಟರಿ ಕ್ರಾಸ್ ಪಡೆದ. ನವೆಂಬರ್ 4ರಂದು, ಯುದ್ಧ ನಿಲ್ಲಲು ಒಂದು ವಾರ ಇರುವಾಗ, ಗುಂಡಿಗೆ ಬಲಿಯಾದ. ಹೋಗಲೇಬೇಕು ಎಂದು ಹುರಿದುಂಬಿಸಲು ನಾನು ಇದನ್ನು ಹೇಳುತ್ತಿಲ್ಲ. ಆಸ್ಪತ್ರೆಯಲ್ಲಿ ನಡುಗುತ್ತಿದ್ದವನು ಮತ್ತು ಪದಕ ಪಡೆದವನು ಒಬ್ಬನೇ ಮನುಷ್ಯ, ಅಷ್ಟೇ.

ನಮ್ಮ ದೇಶದ ನ್ಯಾಯಾಲಯಗಳೂ ಈ ಕಡೆ ನೋಡತೊಡಗಿವೆ. ಸ್ಕಿಜೋಫ್ರೇನಿಯಾ ಎಂದು ಬರೆದು ಸೇನೆಯಿಂದ ಕಳಿಸಿದ್ದ ಸೈನಿಕನೊಬ್ಬನ ಮೊಕದ್ದಮೆಯಲ್ಲಿ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಕಾರಣಗಳನ್ನೇ ಬರೆಯದ ವೈದ್ಯಕೀಯ ಮಂಡಳಿಯ ವರದಿ ಹಿಡಿದು ಅಂಗವೈಕಲ್ಯ ಪಿಂಚಣಿ ನಿರಾಕರಿಸುವಂತಿಲ್ಲ ಎಂದಿತು. ಅದೇ ವರ್ಷದ ಆಗಸ್ಟ್‌ನಲ್ಲಿ, ಎನ್‌ಡಿಎ ಮುಂತಾದ ಅಕಾಡೆಮಿಗಳಲ್ಲಿ ತರಬೇತಿಯ ವೇಳೆ ಅಂಗವಿಕಲರಾಗಿ ಮನೆಗೆ ಬಂದ ಕೆಡೆಟ್‌ಗಳ ಸ್ಥಿತಿಯನ್ನು ಕೋರ್ಟ್ ತಾನಾಗಿಯೇ ಕೈಗೆತ್ತಿಕೊಂಡಿತು. ಆ ಪೀಠದಲ್ಲಿದ್ದವರಲ್ಲಿ ಒಬ್ಬರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಇವು ಮತ್ತೆ ಸೇರಿಸಿಕೊಳ್ಳಿ ಎಂದ ತೀರ್ಪುಗಳಲ್ಲ. ಆದರೂ ತರಬೇತಿಯಲ್ಲೇ ಮುರಿದುಬಿದ್ದವನೂ ಲೆಕ್ಕಕ್ಕೆ ಬರಬೇಕಾದವನು ಎಂಬ ಮಾತು ಅಲ್ಲಿಯವರೆಗೆ ಹೋಯಿತು.

ವಯಸ್ಸಿನ ಲೆಕ್ಕ ಮಾತ್ರ ಕಠಿಣ. ಅಗ್ನಿಪಥ ಶುರುವಾದಾಗ ಇಟ್ಟ ಮಿತಿ ಹದಿನೇಳೂವರೆಯಿಂದ 21. ಮೊದಲ ವರ್ಷ 2022ರಲ್ಲಿ ಮಾತ್ರ ಅದನ್ನು 23ಕ್ಕೆ ಏರಿಸಿದ್ದರು. ಈಗಿನ ಮಿತಿಯನ್ನು ಆಯಾ ವರ್ಷದ ಅಧಿಸೂಚನೆಯಲ್ಲೇ ನೋಡಿಕೊಳ್ಳಿ. ಹತ್ತೊಂಬತ್ತರಲ್ಲಿ ಮನೆಗೆ ಬಂದವನು ಒಂದು ವರ್ಷ ಕೋಣೆಯಲ್ಲಿ ಕಳೆದರೆ, ಗುಣವಾಗಲು ಬೇಕಾದ ಕಾಲವೂ ರ‍್ಯಾಲಿಯ ಕಾಲವೂ ಒಟ್ಟಿಗೇ ಸೋರಿಹೋಗುತ್ತವೆ. ಪ್ರಾದೇಶಿಕ ಸೇನೆಗೆ 42ರವರೆಗೆ ಅವಕಾಶವಿದೆ. ಡಿಗ್ರಿ ಮುಗಿಸಿದರೆ ಸಿಡಿಎಸ್ ಇದೆ. ಯುಪಿಎಸ್‌ಸಿಯ ಎನ್‌ಡಿಎ ಅಧಿಸೂಚನೆಯಲ್ಲಿ ಶಿಸ್ತುಕ್ರಮದ ಮೇಲೆ ಅಕಾಡೆಮಿಯಿಂದ ಹೊರಬಂದವರು ಅರ್ಹರಲ್ಲ ಎಂದಿದೆ. ಕಾಯಿಲೆಯನ್ನು ಶಿಸ್ತುಭಂಗದ ಜೊತೆ ಸೇರಿಸಿಲ್ಲ ಎಂಬುದನ್ನು ಗಮನಿಸಬೇಕು. ವೈದ್ಯಕೀಯ ಪರೀಕ್ಷೆಯಂತೂ ಎಲ್ಲ ಕಡೆಯೂ ಇದ್ದೇ ಇರುತ್ತದೆ, ಅಲ್ಲಿ ಹಳೆಯದನ್ನು ಹೇಳಲೇಬೇಕು. ‘ಆಗುವುದಿಲ್ಲ’ ಎಂಬ ಉತ್ತರವೂ ಬರಬಹುದು. ಬಂದರೆ ಅದು ಸಣ್ಣ ನೋವಲ್ಲ, ಗೊತ್ತು.

ನಮ್ಮ ಹುಡುಗ ಈಗ ಮಂಗಳವಾರ ಆಸ್ಪತ್ರೆಗೆ ಹೋಗುತ್ತಾನೆ, ಅವ್ವನೂ ಜೊತೆಗೆ ಹೋಗುತ್ತಾರೆ. ನಿಲ್ಲಿಸಿದ್ದ ಡಿಗ್ರಿಗೆ ಮತ್ತೆ ಫೀಸು ಕಟ್ಟಿದ್ದಾನೆ. ರೆಕಾರ್ಡ್ಸ್ ಆಫೀಸಿಗೆ ಕಾಗದವನ್ನು ಅವನೇ ಬರೆದ, ಹಿಂದಿಯ ವ್ಯಾಕರಣ ಮಾತ್ರ ನಾನು ನೋಡಿಕೊಟ್ಟೆ. ಬಿಡುಗಡೆಯ ಕಾರಣವನ್ನು ಯಾವ ನಿಯಮದಡಿ ದಾಖಲಿಸಿದ್ದೀರಿ, ಬೋರ್ಡಿನ ಪ್ರತಿ ಕೊಡಿ, ಪೂರ್ತಿ ಗುಣವಾದರೆ ಮರುಪರೀಕ್ಷೆಗೆ ಅವಕಾಶವಿದೆಯೇ ತಿಳಿಸಿ ಎಂದು ಮೂರೇ ಸಾಲು. ರಿಜಿಸ್ಟರ್ಡ್ ಪೋಸ್ಟ್ ಮಾಡಿದ ರಸೀದಿಯನ್ನು ಡಿಸ್ಚಾರ್ಜ್ ಕಾಗದದ ಜೊತೆಗೇ ಪಿನ್ ಮಾಡಿ ಇಟ್ಟಿದ್ದಾನೆ, ಟ್ರಂಕಿನ ತಳದಲ್ಲಲ್ಲ, ಮೇಜಿನ ಮೇಲೆ.