ಜಿ-ಯಿಂದ ಸಿ-ಗೆ ಎಷ್ಟು ದೂರ?

ಕಳೆದ ಮೇ ತಿಂಗಳಲ್ಲಿ ಅಟ್ಟ ಗುಡಿಸುವಾಗ ಅಮ್ಮ ಕೆಳಗಿನಿಂದ ಕೂಗಿದರು: "ಆ ನಿನ್ನ ಡಬ್ಬ ಗುಜರಿಗೆ ಹಾಕುವುದಾ, ಇಡುವುದಾ?"

ಡಬ್ಬ ಎಂದರೆ ನನ್ನ ಗಿಟಾರ್. ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ, ಹಾಸ್ಟೆಲಿನಲ್ಲಿ ಒಬ್ಬ ಸೀನಿಯರ್ ಬಾರಿಸುವುದನ್ನು ನೋಡಿ ಆಸೆ ಹುಟ್ಟಿ, ಮೂರು ಸಾವಿರ ಕೊಟ್ಟು ಆನ್‌ಲೈನಿನಲ್ಲಿ ತರಿಸಿದ್ದು. ಎರಡು ತಿಂಗಳು ಕೂತೆ. ಬೆರಳ ತುದಿ ಕೆಂಪಾಗಿ ಉರಿಯಿತು, ಒಂದು ಹಾಡೂ ಬರಲಿಲ್ಲ. ಅಷ್ಟರಲ್ಲಿ ಇಂಟರ್ನಲ್ಸ್ ಬಂತು, ಮಳೆಗಾಲ ಬಂತು, ಗಿಟಾರ್ ಅಟ್ಟಕ್ಕೆ ಹೋಯಿತು. "ನನಗೆ ಸಂಗೀತ ಹತ್ತುವುದಿಲ್ಲ" ಎಂದು ಇಪ್ಪತ್ತನೇ ವಯಸ್ಸಿನಲ್ಲೇ ನನ್ನ ಬಗ್ಗೆ ನಾನೇ ಷರಾ ಬರೆದುಕೊಂಡಿದ್ದೆ. ಹತ್ತು ವರ್ಷ ಅದನ್ನು ಯಾರೂ ಪ್ರಶ್ನೆ ಮಾಡಲಿಲ್ಲ.

ಗುಜರಿಯವನಿಗೆ ಕೊಡಲು ಗೇಟಿನ ಹತ್ತಿರ ಒರಗಿಸಿದ್ದೆ. ಪಕ್ಕದ ಮನೆಯ ಅಂಕಲ್ ಸಿಟ್‌ಔಟಿನಿಂದಲೇ ನೋಡಿದರು. ಬಿಜೈಯಲ್ಲಿ ನಮ್ಮದು ಅವರದು ಒಂದೇ ಕಂಪೌಂಡು ಗೋಡೆ. ಮೂವತ್ತು ವರ್ಷ ಇಗರ್ಜಿಯ ಕಾಯರ್‌ನಲ್ಲಿ ಗಿಟಾರ್ ಹಿಡಿದವರು ಅವರು. ಮದುವೆಯ ರೋಸ್ ಕಾರ್ಯಕ್ರಮ ಇದ್ದರೆ ರಾತ್ರಿ ಎರಡು ಗಂಟೆಯವರೆಗೂ ಅವರ ಸ್ವರ ನಮ್ಮ ಮನೆಗೆ ಕೇಳುತ್ತಿತ್ತು. ಎರಡು ವರ್ಷದ ಹಿಂದೆ ಸ್ಟ್ರೋಕ್ ಆಯಿತು. ಈಗ ಕೋಲು ಹಿಡಿದು ನಡೆಯುತ್ತಾರೆ, ಮಾತು ಸರಿಯಾಗಿಯೇ ಉಂಟು, ಆದರೆ ಎಡಗೈಯ ಬೆರಳು ಮಡಚುವುದಿಲ್ಲ.

"ಎಂತ ಮಾರಾಯ, ಗಿಟಾರನ್ನು ಗುಜರಿಗೆ ಹಾಕುವುದಾ? ಇಲ್ಲಿ ತಾ ನೋಡುವ."

ತೊಡೆಯ ಮೇಲೆ ಮಲಗಿಸಿ ಬಲಗೈಯ ಹೆಬ್ಬೆರಳಿನಿಂದ ತಂತಿ ಒತ್ತಿ ನೋಡಿದರು. "ಯಬ್ಬ! ಇದರಲ್ಲಿ ನಾನು ಕೂಡ ಕಲಿಯುತ್ತಿರಲಿಲ್ಲ" ಎಂದರು.

ತಪ್ಪು ಬೆರಳಿನದ್ದಲ್ಲ

ಹೊಸತಾಗಿ ಶುರು ಮಾಡುವವರಿಗೆ ಯಾರೂ ಹೇಳದ ವಿಷಯ ಇದು. ತಂತಿಗೂ ಅದರ ಅಡಿಯ ಹಲಗೆಗೂ ನಡುವೆ ಇರುವ ಎತ್ತರಕ್ಕೆ 'ಆ್ಯಕ್ಷನ್' ಎನ್ನುತ್ತಾರೆ. ಅಕೌಸ್ಟಿಕ್ ಗಿಟಾರಿನ 12ನೇ ಫ್ರೆಟ್ ಹತ್ತಿರ ಸ್ಕೇಲ್ ಇಟ್ಟು ಅಳೆಯಿರಿ. ದಪ್ಪ ತಂತಿಯ ಕೆಳಗೆ ಎರಡೂವರೆ ಮಿಲಿಮೀಟರ್ ಆಸುಪಾಸು ಇದ್ದರೆ ಸಲೀಸು. ನನ್ನ ಡಬ್ಬದಲ್ಲಿ ಐದು ಇತ್ತು. ಆರು ಉಕ್ಕಿನ ತಂತಿಗಳು ಸೇರಿ ಎಳೆಯುವ ಬಲ ಹೆಚ್ಚುಕಡಿಮೆ 70 ಕಿಲೋ. ಅಷ್ಟು ಎತ್ತರದಲ್ಲಿ ಬಿಗಿದು ನಿಂತ ತಂತಿಯನ್ನು ಎಳೆ ಬೆರಳಿನಿಂದ ಒತ್ತು ಎಂದರೆ ಬೆರಳು ಏನು ಮಾಡಬೇಕು?

ಅದರ ಮೇಲೆ ನಮ್ಮ ಊರು ಬೇರೆ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಗಿಟಾರಿನ ಮರಕ್ಕೆ ಹಿತವಾದ ತೇವಾಂಶ ಶೇ. 45ರಿಂದ 55, ಜುಲೈಯಲ್ಲಿ ಇಲ್ಲಿ ಶೇ. 85 ದಾಟುತ್ತದೆ. ಮರ ನೀರು ಹೀರಿ ಉಬ್ಬುತ್ತದೆ, ಎದುರಿನ ಹಲಗೆ ಹೊಟ್ಟೆ ಬಂದ ಹಾಗೆ ಏಳುತ್ತದೆ, ಅದರ ಮೇಲಿರುವ ಬ್ರಿಡ್ಜ್ ಕೂಡ ಮೇಲೆ ಬರುತ್ತದೆ. ಅಂದರೆ ಮೊದಲೇ ಎತ್ತರ ಇದ್ದ ತಂತಿ ಇನ್ನಷ್ಟು ಎತ್ತರ. ಸಮುದ್ರದ ಉಪ್ಪುಗಾಳಿಗೆ ತಂತಿ ತುಕ್ಕು ಹಿಡಿಯುವುದು ಬೇರೆ ಕತೆ. ಜೂನಿನಲ್ಲಿ ಕಲಿಯಲು ಕೂತು ಆಗಸ್ಟಿನಲ್ಲಿ ಬಿಟ್ಟವರು ನಮ್ಮಲ್ಲಿ ಎಷ್ಟು ಜನ ಇರಬಹುದು! ಅವರಲ್ಲಿ ಅರ್ಧದಷ್ಟು ಮಂದಿಗೆ ಪ್ರತಿಭೆ ಕಡಿಮೆ ಇದ್ದದ್ದಲ್ಲ, ಮರ ಉಬ್ಬಿದ್ದು ಎಂದು ನನ್ನ ಗುಮಾನಿ.

ಫೆಂಡರ್ ಕಂಪನಿಯ ಮುಖ್ಯಸ್ಥರಾಗಿದ್ದ ಆಂಡಿ ಮೂನಿ ಒಂದು ಮಾತು ಹೇಳಿದ್ದರು: ಮೊದಲ ಬಾರಿ ಗಿಟಾರ್ ಹಿಡಿದವರಲ್ಲಿ ಶೇ. 90 ಮಂದಿ ಒಂದು ವರ್ಷದೊಳಗೆ ಬಿಟ್ಟುಬಿಡುತ್ತಾರೆ ಎಂದು. ಗಿಟಾರ್ ಮಾರುವವರೇ ಹೇಳಿದ ಮಾತು ಅದು. ಓದಿದಾಗ ನನಗೆ ಒಂಥರಾ ಸಮಾಧಾನ ಆಯಿತು, ಸುಳ್ಳು ಯಾಕೆ ಹೇಳಲಿ.

ಹೊಸ ಗಿಟಾರ್ ತಗೊಂಡೆ. ಈ ಸಲ ಅಂಗಡಿಗೇ ಹೋಗಿ, ಕೈಯಲ್ಲಿ ಹಿಡಿದು, ತಂತಿ ಒತ್ತಿ ನೋಡಿ. ಹತ್ತು ಸಾವಿರದ ಆಸುಪಾಸು ಖರ್ಚು ಮಾಡಿದರೆ ಹೆಸರಿರುವ ಕಂಪನಿಯ ಒಳ್ಳೆಯದೇ ಸಿಗುತ್ತದೆ. ಅದಕ್ಕಿಂತ ಕಡಿಮೆಯದನ್ನು ಕೊಂಡರೂ ತೊಂದರೆ ಇಲ್ಲ, ಆದರೆ ಸೆಟಪ್ ಮಾಡಿಸಲು ಐನೂರು ಸಾವಿರ ರೂಪಾಯಿ ತೆಗೆದಿಡಿ. ಬ್ರಿಡ್ಜಿನ ಮೇಲೆ ತಂತಿಗಳು ಕೂರುವ ಬಿಳಿ ಪಟ್ಟಿಗೆ ಸ್ಯಾಡಲ್ ಎನ್ನುತ್ತಾರೆ. ಅದರ ಅಡಿಭಾಗವನ್ನು ಉಜ್ಜಿ ತಗ್ಗಿಸಿದರೆ ತಂತಿ ಇಳಿಯುತ್ತದೆ. 12ನೇ ಫ್ರೆಟ್ ತಂತಿಯ ಸರಿಯಾಗಿ ಅರ್ಧದಲ್ಲಿರುವುದರಿಂದ ಅಲ್ಲಿ ಒಂದು ಮಿಲಿಮೀಟರ್ ಇಳಿಯಬೇಕಾದರೆ ಇಲ್ಲಿ ಎರಡು ಉಜ್ಜಬೇಕು. ಯೂಟ್ಯೂಬ್ ನೋಡಿ ನೀವೇ ಉಜ್ಜಲು ಹೋಗಬೇಡಿ. ತಂತಿ ಕೇಳಿ ತೆಗೆದುಕೊಳ್ಳುವಾಗ 'ಎಕ್ಸ್‌ಟ್ರಾ ಲೈಟ್', ಅಂದರೆ 10ರ ಸೆಟ್ ಕೇಳಿ. ಬೆರಳ ತುದಿ ಗಟ್ಟಿಯಾಗಲು ಮೂರು ನಾಲ್ಕು ವಾರ ಹೇಗೂ ಬೇಕು. ಅಲ್ಲಿಯವರೆಗೆ ದಿನಕ್ಕೆ ಹದಿನೈದು ನಿಮಿಷ ಸಾಕು, ಭಾನುವಾರ ಎರಡು ಗಂಟೆ ಬೇಡ.

ಎಕ್ಸೆಲ್ ಶೀಟು ಮತ್ತು ಬಲಗೈ

ಕಾರ್ಡ್ ಎಂದರೆ ಎಟಿಎಂನದ್ದಲ್ಲ. ಮೂರು ನಾಲ್ಕು ಸ್ವರ ಒಟ್ಟಿಗೆ ಕೇಳುವ ಹಾಗೆ ಬೆರಳು ಇಡುವ ಒಂದು ಆಕಾರ. ಆಕಾರ ಕಲಿಯುವುದು ಕಷ್ಟವಲ್ಲ. ಇ ಮೈನರ್‌ಗೆ ಎರಡೇ ಬೆರಳು, ಸಂಜೆ ಚಹಾ ಆರುವುದರೊಳಗೆ ಬರುತ್ತದೆ. ಕಷ್ಟ ಇರುವುದು ಒಂದರಿಂದ ಇನ್ನೊಂದಕ್ಕೆ ಹೋಗುವಲ್ಲಿ. ಜಿ ಹಿಡಿದಿದ್ದೇನೆ, ಮುಂದೆ ಸಿ ಬರಬೇಕು. ಅಷ್ಟರಲ್ಲಿ ಹಾಡು ಮುಂದಿನ ಸಾಲಿಗೆ ಹೋಗಿ ನನ್ನನ್ನು ತಿರುಗಿ ನೋಡುತ್ತಿರುತ್ತದೆ.

ಆಸ್ಟ್ರೇಲಿಯಾದ ಜಸ್ಟಿನ್ ಸ್ಯಾಂಡರ್‌ಕೋ 2003ರಿಂದ ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಗಿಟಾರ್ ಪಾಠ ಕೊಡುತ್ತಿದ್ದಾರೆ. ಅವರ ಒಂದು ಅಭ್ಯಾಸ ಉಂಟು: ಫೋನಿನಲ್ಲಿ ಒಂದು ನಿಮಿಷಕ್ಕೆ ಟೈಮರ್ ಇಡಿ, ಎರಡೇ ಕಾರ್ಡ್‌ಗಳ ನಡುವೆ ಎಷ್ಟು ಸಲ ಹೋಗಿ ಬಂದಿರಿ ಎಂದು ಎಣಿಸಿ. ನಾನು ಸಾಫ್ಟ್‌ವೇರಿನವನು, ಎಣಿಸು ಎಂದರೆ ಬಿಡುತ್ತೇನಾ? ಎಕ್ಸೆಲ್ ಶೀಟ್ ಮಾಡಿದೆ. ಮೊದಲ ದಿನ 8, ಒಂದು ವಾರಕ್ಕೆ 13, ಆಮೇಲೆ ಹತ್ತು ದಿನ 15ರಲ್ಲೇ ನಿಂತಿತು. ಗ್ರಾಫ್ ನೋಡಿ ಅಂಕಲ್ ನಕ್ಕರು. "ಷೇರ್ ಮಾರ್ಕೆಟ್ಟಾ ಇದು?"

ಆಮೇಲೆ ನನ್ನ ಕೈ ನೋಡಿದರು. ನಾನು ಜಿ-ಯನ್ನು ತೋರುಬೆರಳು, ನಡುಬೆರಳು, ಉಂಗುರ ಬೆರಳಿನಲ್ಲಿ ಹಿಡಿಯುತ್ತಿದ್ದೆ. ಪುಸ್ತಕದಲ್ಲಿ ಹಾಗೇ ಇತ್ತು. "ತೋರುಬೆರಳು ತೆಗಿ. ಕಿರುಬೆರಳು ಹಾಕು."

ಅಂದರೆ ಹೀಗೆ: ಗಿಟಾರಿನಲ್ಲಿ ದಪ್ಪ ತಂತಿ ಆರನೆಯದು, ಸಪೂರದ್ದು ಒಂದನೆಯದು. ಉಂಗುರ ಬೆರಳು 6ನೇ ತಂತಿಯ 3ನೇ ಫ್ರೆಟ್‌ನಲ್ಲಿ, ನಡುಬೆರಳು 5ನೇ ತಂತಿಯ 2ನೇ ಫ್ರೆಟ್‌ನಲ್ಲಿ, ಕಿರುಬೆರಳು 1ನೇ ತಂತಿಯ 3ನೇ ಫ್ರೆಟ್‌ನಲ್ಲಿ. ಇದು ಜಿ. ಈಗ ಉಂಗುರ ಬೆರಳು ಮತ್ತು ನಡುಬೆರಳು ಜೋಡಿಯಾಗಿ, ಅದೇ ಫ್ರೆಟ್‌ಗಳಲ್ಲಿ, ಒಂದೊಂದು ತಂತಿ ಕೆಳಗೆ ಇಳಿದರೆ ಆಯಿತು. ಖಾಲಿ ಕೂತಿದ್ದ ತೋರುಬೆರಳು 2ನೇ ತಂತಿಯ 1ನೇ ಫ್ರೆಟ್‌ಗೆ, ಕಿರುಬೆರಳು ಮೇಲಕ್ಕೆ. ಇದು ಸಿ. ಕಿರುಬೆರಳಿಗೆ ಶಕ್ತಿ ಬರಲು ಒಂದು ವಾರ ಹಿಡಿಯಿತು. ಆಮೇಲೆ 15 ಇದ್ದದ್ದು 28ಕ್ಕೆ ಹೋಯಿತು. ಕೈಯ ಮೇಲೆ ಕೈ ಇಟ್ಟು ತೋರಿಸಲು ಆಗದವರು ಬರೀ ಬಾಯಿಯಲ್ಲಿ ಹೇಳಿ ಕಲಿಸಿದ್ದು ಇದು.

ಇನ್ನೊಂದು ಮಾತನ್ನು ಅವರು ದಿನಾ ಹೇಳುತ್ತಿದ್ದರು, ಸಿಟ್ಟಿನಿಂದಲೇ: "ಬಲಗೈ ನಿಲ್ಲಿಸಬೇಡ." ಎಡಗೈ ತಡವಾದರೆ ನಾವು ಏನು ಮಾಡುತ್ತೇವೆ? ಬಲಗೈಯನ್ನೂ ನಿಲ್ಲಿಸಿ, ಬೆರಳು ಸರಿಯಾಗಿ ಕೂತ ಮೇಲೆ ಮತ್ತೆ ಬಾರಿಸುತ್ತೇವೆ. ಕೋಡಿನಲ್ಲಿ ಎರರ್ ಬಂದರೆ ನಿಲ್ಲಿಸುವುದು, ಸರಿ ಮಾಡುವುದು, ಮತ್ತೆ ಓಡಿಸುವುದು. ಎಂಟು ವರ್ಷದಿಂದ ನನ್ನ ಹೊಟ್ಟೆಪಾಡೇ ಅದು. ಇಲ್ಲಿ ಅದು ನಡೆಯುವುದಿಲ್ಲ. ತಪ್ಪು ಸ್ವರ ಬಂದರೂ ತಾಳ ಹೋಗುತ್ತಿರಬೇಕು. ಮೂವತ್ತೊಂದನೇ ವಯಸ್ಸಿನಲ್ಲಿ ತಪ್ಪನ್ನು ಜೋರಾಗಿ, ಅಕ್ಕಪಕ್ಕದವರಿಗೆ ಕೇಳುವ ಹಾಗೆ ಮಾಡುತ್ತಾ ಹೋಗುವುದು ಬೆರಳ ನೋವಿಗಿಂತ ಕಷ್ಟ. ಎದುರು ಮನೆಯ ಎಂಟನೇ ಕ್ಲಾಸಿನ ಹುಡುಗಿ ಗೇಟಿನಲ್ಲಿ ನಿಂತು "ಅಣ್ಣ, ನಿಮ್ಮದು ಇನ್ನೂ ಅದೇ ಹಾಡಾ?" ಎಂದು ಕೇಳಿದ ದಿನ ಎರಡು ದಿನ ರಜೆ ಹಾಕಿದೆ.

ಟ್ಯೂನ್ ಮಾಡಲು ಫೋನಿನಲ್ಲಿ ಆ್ಯಪ್ ಇದೆ, ಅದು ಸಾಕು. ಆದರೂ ಅಂಕಲ್ ಕಿವಿಯಲ್ಲಿ ಮಾಡುವ ದಾರಿಯನ್ನೂ ಕಲಿಸಿದರು: 6ನೇ ತಂತಿಯ 5ನೇ ಫ್ರೆಟ್ ಒತ್ತಿದರೆ ಬರುವುದು 5ನೇ ತಂತಿಯ ಖಾಲಿ ಸ್ವರ, ಹೀಗೇ ಕೆಳಗಿನವರೆಗೆ, 3ನೇ ತಂತಿಯಲ್ಲಿ ಮಾತ್ರ 4ನೇ ಫ್ರೆಟ್. ಆ ಒಂದು ಎಕ್ಸೆಪ್ಷನ್ ಯಾಕೆ ಎಂದು ಕೇಳಿದೆ. "ನಿನಗೆ ಬಾರಿಸ್ಲಿಕ್ಕುಂಟಾ, ಇಂಟರ್‌ವ್ಯೂ ಮಾಡ್ಲಿಕ್ಕುಂಟಾ?" ಎಂದರು.

ಪಕ್ಕದ ಮನೆಯಲ್ಲಿ ಅಂಕಲ್ ಇಲ್ಲದವರು ಏನು ಮಾಡುವುದು? ಈ ಊರಿನಲ್ಲಿ ಅದಕ್ಕೆ ಬರಗಾಲ ಇಲ್ಲ. ಬಜ್ಜೋಡಿಯ ಸಂದೇಶ ಪ್ರತಿಷ್ಠಾನದಂಥ ಕಡೆ ಸಂಗೀತದ ತರಗತಿಗಳಿವೆ. ಶಕ್ತಿನಗರದ ಕಲಾಂಗಣದಲ್ಲಿ ಮಾಂಡ್ ಸೊಭಾಣ್ ಸಂಸ್ಥೆಯವರು 2002ರಲ್ಲಿ ಶುರು ಮಾಡಿದ ತಿಂಗಳ ವೇದಿಕೆ ಉಂಟು. 2008ರಲ್ಲಿ 40 ಗಂಟೆ ಎಡೆಬಿಡದೆ ಕೊಂಕಣಿ ಹಾಡು ಹಾಡಿ ಗಿನ್ನೆಸ್ ದಾಖಲೆ ಮಾಡಿದವರು ಅವರು. ಮನೆಯಲ್ಲಿ ತುಳು ಮಾತಾಡುವ ನಾನು ಈ ಹಾಡುಗಳನ್ನೆಲ್ಲ ಕಂಪೌಂಡಿನ ಈಚೆಯಿಂದ ಕೇಳಿ ಬೆಳೆದವನು. ಯಾವುದಾದರೂ ಕಾರ್ಯಕ್ರಮಕ್ಕೆ ಹೋದರೆ ಹಾಡುವವರನ್ನು ಬಿಡಿ, ಗಿಟಾರಿನವರ ಎಡಗೈ ನೋಡುತ್ತಾ ಕೂರಿ. ಮೂರೇ ಕಾರ್ಡಿನಲ್ಲಿ ಎಷ್ಟು ಹಾಡು ಹೋಗುತ್ತದೆ ಎಂದು ಗೊತ್ತಾಗುತ್ತದೆ.

ಐದನೇ ಫ್ರೆಟ್

ಆಗಸ್ಟಿನಲ್ಲಿ ಆಂಟಿ ಒಂದು ವಿಷಯ ಹೇಳಿದರು. ಸ್ಟ್ರೋಕ್ ಆದ ಮೇಲೆ ಅಂಕಲ್ ಹಾಡಿಯೇ ಇಲ್ಲವಂತೆ. ಸ್ವರಕ್ಕೆ ಏನೂ ಆಗಿಲ್ಲ. "ಗಿಟಾರ್ ಇಲ್ಲದೆ ಹಾಡಿ ಅವರಿಗೆ ಅಭ್ಯಾಸವೇ ಇಲ್ಲ ಬಾಬಾ" ಎಂದರು.

ಅವರಿಗೆ ಬೇಕಾದದ್ದು 'ಕೊಂಕಣ್ ಕೋಗುಳ್' ಎಂದು ಹೆಸರಾಗಿದ್ದ ವಿಲ್ಫಿ ರೆಬಿಂಬಸ್ (1942–2010) ಅವರ ಒಂದು ಹಳೆ ಹಾಡು. ಹಿಂದೆ ಡಿ ಶ್ರುತಿಯಲ್ಲಿ ಹಾಡುತ್ತಿದ್ದರಂತೆ, ಈಗ ಅಷ್ಟು ಮೇಲೆ ಹೋಗುವುದಿಲ್ಲ, ಸಿ ಬೇಕು. ಸಿ ಶ್ರುತಿ ಎಂದರೆ ಎಫ್ ಕಾರ್ಡ್ ಬೇಕು. ಎಫ್ ಎಂದರೆ ಒಂದೇ ಬೆರಳನ್ನು ಅಡ್ಡ ಮಲಗಿಸಿ ಎಲ್ಲ ತಂತಿ ಒತ್ತುವುದು. ಎಷ್ಟೋ ಜನ ಗಿಟಾರ್ ಬಿಡುವುದು ಅಲ್ಲೇ. ನನಗೂ ಬರುವುದಿಲ್ಲ. ಅದಕ್ಕೆ ಉಪಾಯ ಕೇಪೋ. ಇನ್ನೂರು ಮುನ್ನೂರು ರೂಪಾಯಿಯ ಒಂದು ಕ್ಲಿಪ್. ಅದನ್ನು 5ನೇ ಫ್ರೆಟ್‌ಗೆ ಕಚ್ಚಿಸಿದರೆ ನೀವು ಜಿ ಆಕಾರ ಹಿಡಿದಾಗ ಕೇಳುವುದು ಸಿ, ಸಿ ಹಿಡಿದಾಗ ಕೇಳುವುದು ಎಫ್, ಡಿ ಹಿಡಿದಾಗ ಜಿ. ಗೊತ್ತಿದ್ದ ಮೂರೇ ಆಕಾರ ಸಾಕಾಯಿತು.

ಮಳೆಗಾಲ ಪೂರ್ತಿ ಗಿಟಾರನ್ನು ಬ್ಯಾಗಿನಲ್ಲಿ, ನಾಲ್ಕು ಸಿಲಿಕಾ ಜೆಲ್ ಪೊಟ್ಟಣದ ಜೊತೆ, ಹೊರಗೋಡೆಗೆ ತಾಗದ ಹಾಗೆ ಇಟ್ಟೆ. ಸ್ಟ್ಯಾಂಡಿನಲ್ಲಿ ಕಣ್ಣೆದುರು ಇದ್ದರೆ ಕೈ ಹೋಗುತ್ತದೆ, ಬ್ಯಾಗಿನಲ್ಲಿದ್ದರೆ ಮರ ಉಳಿಯುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. ನಾನು ಮರ ಉಳಿಸಿಕೊಂಡು, ರಾತ್ರಿ ಒಂಬತ್ತಕ್ಕೆ ಅಲಾರ್ಮ್ ಇಟ್ಟೆ. ಬಾರಿಸಿದ ಮೇಲೆ ಹಳೆ ಬನಿಯನ್ ತುಂಡಿನಿಂದ ತಂತಿ ಒರೆಸುವುದು.

ಸೆಪ್ಟೆಂಬರ್ 8, ಮೊಂತಿ ಹಬ್ಬದ ಸಂಜೆ. ಅವರ ಮನೆಯಲ್ಲಿ ಊಟ ಆಗಿ, ಸಿಟ್‌ಔಟಿನಲ್ಲಿ ಆಂಟಿ, ಅವರ ಮಗಳು, ನನ್ನ ಅಮ್ಮ ಕೂತಿದ್ದರು. ನಾನು ಕೇಪೋ ಹಾಕಿದೆ. ಅಂಕಲ್ ಕಣ್ಣು ಮುಚ್ಚಿ ಶುರು ಮಾಡಿದರು. ಎರಡನೇ ಸಾಲಿನಲ್ಲಿ ನಾನು ತಡವಾದೆ, ಉಂಗುರ ಬೆರಳು ಜಾರಿತು. ಬಲಗೈ ನಿಲ್ಲಿಸಲಿಲ್ಲ. ಅವರು ಆ ಪದವನ್ನು ಸ್ವಲ್ಪ ಎಳೆದು ನನಗೆ ಕಾದರು, ನಾನು ಬಂದು ಸೇರಿಕೊಂಡೆ. ಮೂರು ಚರಣವನ್ನೂ ಹಾಡಿದರು. ಆಂಟಿ ಮಧ್ಯದಲ್ಲಿ ಎದ್ದು ಒಳಗೆ ಹೋದವರು ಹಾಡು ಮುಗಿದ ಮೇಲೆಯೇ ಹೊರಗೆ ಬಂದರು.

ಮರುದಿನ ಆಫೀಸಿನಲ್ಲಿ ಸ್ಟ್ಯಾಂಡ್‌ಅಪ್ ಮೀಟಿಂಗಿನ ನಡುವೆ ವಾಟ್ಸಾಪ್ ಬಂತು, ಅಂಕಲ್‌ದು: "ಬಿ ಸ್ಟ್ರಿಂಗ್ ಇಳಿದಿತ್ತು. ಸಂಜೆ ತಾ."