ತೋಪಿನ ನೆಲದ ಉಸಿರು

ಹೊಳೆನರಸೀಪುರದ ಸುತ್ತಿನ ಊರುಗಳಲ್ಲಿ ಹೇಮಾವತಿಯ ನಾಲೆಯ ಕೆಳಗೆ ಬತ್ತದ ಗದ್ದೆ, ನೀರೇರದ ದಿಣ್ಣೆಯ ಕೆಮ್ಮಣ್ಣಿನಲ್ಲಿ ನೀಲಗಿರಿಯ ತೋಪು; ಈ ನೋಟ ದಾರಿಹೋಕರಿಗೆಲ್ಲ ಪರಿಚಿತವಾದುದು. ಎರಡಕ್ಕೂ ನಡುವೆ ಕೂಗಳತೆಯ ದೂರ. ಆದರೆ ಗಾಳಿಯೊಡನೆ ಅವುಗಳ ನೆಲ ನಡೆಸುವ ವ್ಯವಹಾರ ಮಾತ್ರ ಪರಸ್ಪರ ವಿರುದ್ಧ. ನೀರು ನಿಂತ ಕೆಸರಿನಲ್ಲಿ ಆಮ್ಲಜನಕವಿಲ್ಲದ ಕಾರಣ ಅಲ್ಲಿನ ಅಣುಜೀವಿಗಳು ಕೊಳೆತ ಬೇರು ಕೂಳೆಗಳಿಂದ ಮೀಥೇನ್ ಅನಿಲವನ್ನು ಹುಟ್ಟಿಸಿ ಹೊರಬಿಡುತ್ತವೆ. ದಿಣ್ಣೆಯ ಸಡಿಲ ಮಣ್ಣಿನಲ್ಲಿರುವ ಬೇರೊಂದು ಬಗೆಯ ಅಣುಜೀವಿಗಳು ಅದೇ ಮೀಥೇನನ್ನು ಗಾಳಿಯಿಂದ ಹೀರಿ, ಅದನ್ನೇ ಆಹಾರ ಮಾಡಿಕೊಂಡು ಬದುಕುತ್ತವೆ. ನೂರು ವರ್ಷಗಳ ಲೆಕ್ಕದಲ್ಲಿ ಮೀಥೇನ್ ತೂಕಕ್ಕೆ ತೂಕ ಇಂಗಾಲಾಮ್ಲಕ್ಕಿಂತ ಸುಮಾರು 28 ಮಡಿ ಹೆಚ್ಚಾಗಿ ಭೂಮಿಯನ್ನು ಕಾಯಿಸುವುದರಿಂದ ಈ ಕಾಣದ ಜೀವಿಗಳ ಸೇವೆ ಅಲ್ಪವಾದುದಲ್ಲ.

ನೆಲ ಉಸಿರಾಡುವುದೆಂಬುದು ಬರಿಯ ಅಲಂಕಾರದ ಮಾತಲ್ಲ. ತೋಪಿನ ನೆಲದ ಮೇಲೆ ಡಬ್ಬಿಯೊಂದನ್ನು ಬೋರಲು ಹಾಕಿ, ಒಳಗಿನ ಗಾಳಿಯನ್ನು ಆಗಾಗ ಪಿಚಕಾರಿಯಿಂದ ಎಳೆದು ಪರೀಕ್ಷಿಸಿದರೆ, ಇಂಗಾಲಾಮ್ಲ ಏರುತ್ತಲೂ ಮೀಥೇನ್ ಇಳಿಯುತ್ತಲೂ ಇರುವುದು ಕಾಣುತ್ತದೆ. ಬೇರುಗಳೂ ತರಗೆಲೆಯನ್ನು ಜೀರ್ಣಿಸುವ ಶಿಲೀಂಧ್ರಗಳೂ ಬಿಟ್ಟ ಉಸಿರೇ ಆ ಇಂಗಾಲಾಮ್ಲ. ಬೇಸಗೆಯಲ್ಲಿ ಒಣಗಿದ್ದ ಮಣ್ಣಿಗೆ ಭರಣಿಯ ಮಳೆ ಬಿದ್ದೊಡನೆ ಅದು ಒಮ್ಮೆಗೇ ಉಕ್ಕುತ್ತದೆ. ಒಣಗಿ ನೆನೆದ ಮಣ್ಣಿನ ಈ ಗುಣವನ್ನು ಪೂರ್ವ ಆಫ್ರಿಕದಲ್ಲಿದ್ದ ಬರ್ಚ್ ಎಂಬ ವಿಜ್ಞಾನಿ 1958ರಲ್ಲಿ ವಿವರಿಸಿದರು. ಇಂಗಾಲಾಮ್ಲ ಹೊರಬರುವುದು ದೋಷವೇನೂ ಅಲ್ಲ. ಉದುರಿದ ಎಲೆ, ಸತ್ತ ಬೇರುಗಳ ಮೂಲಕ ಅಷ್ಟೇ ಇಂಗಾಲ ನೆಲಕ್ಕೆ ಮರಳುತ್ತಿರಬೇಕು.

ಇಲ್ಲಿಯೇ ಮನುಷ್ಯನ ಕೈವಾಡ ಬರುವುದು. ತರಗನ್ನು ಒಲೆಗೆಂದು ಗುಡಿಸಿ ಒಯ್ದರೆ ಮಣ್ಣಿನ ಆದಾಯ ನಿಂತುಹೋಗುತ್ತದೆ. ಬೆಂಕಿಯಿಟ್ಟರೆ ವರ್ಷಗಳ ಸಂಗ್ರಹ ಒಂದು ಸಂಜೆಯಲ್ಲಿ ಹೊಗೆಯಾಗುತ್ತದೆ. ಹಸಿ ನೆಲದ ಮೇಲೆ ಲಾರಿ ಓಡಿಸುವುದು ಇನ್ನೊಂದು ಬಗೆಯ ಕೇಡು. ಮಣ್ಣಿನ ರಂಧ್ರಗಳು ಮುಚ್ಚಿ, ಮೀಥೇನ್ ಉಣ್ಣುವ ಜೀವಿಗಳಿಗೆ ಗಾಳಿ ಸಿಕ್ಕದು. ಉಸಿರುಗಟ್ಟಿದ ಆ ಮಣ್ಣಿನಲ್ಲಿ ನೈಟ್ರಸ್ ಆಕ್ಸೈಡ್ ಹುಟ್ಟುತ್ತದೆ. ವೈದ್ಯರು ಅರಿವಳಿಕೆಗೆ ಬಳಸುವ 'ನಗೆ ಅನಿಲ'ವೇ ಇದು. ಆದರೆ ಇಂಗಾಲಾಮ್ಲಕ್ಕಿಂತ ಸುಮಾರು 270 ಮಡಿ ಬಲವಾಗಿ ಶಾಖವನ್ನು ಹಿಡಿದಿಡುವ ಇದರಲ್ಲಿ ನಗುವಂಥದೇನೂ ಇಲ್ಲ.

ನೀಲಗಿರಿ ನಮ್ಮಲ್ಲಿಗೆ ಬಂದದ್ದು ಸುಮಾರು 1790ರಲ್ಲಿ, ಟಿಪ್ಪುವಿನ ಕಾಲದ ನಂದಿಬೆಟ್ಟಕ್ಕೆ. ಇಪ್ಪತ್ತನೆಯ ಶತಮಾನದ ನಡುವಿನಿಂದೀಚೆಗೆ ಅದು ಬಯಲುಸೀಮೆಯ ದಿಣ್ಣೆಗಳಿಗೆಲ್ಲ ಹಬ್ಬಿತು. ಅಂತರ್ಜಲದ ಚಿಂತೆಯಿಂದ ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೆಡುವುದನ್ನು ನಿಷೇಧಿಸಿತು. ನೀರಿನ ಮಾತು ಸರಿಯೇ. ಆದರೆ ಇರುವ ತೋಪನ್ನು ತೆಗೆಯುವ ಬಗೆಯನ್ನೂ ಯೋಚಿಸಬೇಕಲ್ಲವೇ? ಏಳೆಂಟು ವರ್ಷಕ್ಕೊಮ್ಮೆ ಕಡಿದರೂ ಬುಡದಿಂದ ಮತ್ತೆ ಚಿಗುರುವ ಮರ ಇದು. ಹಾಗಾಗಿ ರೈತರು ಯಂತ್ರ ತರಿಸಿ ಬುಡವನ್ನೇ ಕೀಳಿಸುತ್ತಾರೆ. ಆಳದಲ್ಲಿ ಅವಿತಿದ್ದ ಇಂಗಾಲ ಬಿಸಿಲು ಗಾಳಿಗಳಿಗೆ ಮೈಯೊಡ್ಡಿ, ಮೊದಲ ಮಳೆಗೇ ಬೇಗ ಕೊಳೆಯತೊಡಗುತ್ತದೆ. ತೊಗಟೆ, ರೆಂಬೆ, ಎಲೆಗಳನ್ನು ಸುಡದೆ ಆ ಗುಂಡಿಗಳಲ್ಲೇ ಹರಡಿ, ಆ ಮಳೆಗಾಲದಲ್ಲೇ ಹುರುಳಿಯನ್ನೋ ಅವರೆಯನ್ನೋ ಬಿತ್ತಿ ನೆಲ ಮುಚ್ಚಿದರೆ, ಹೋದದ್ದರಲ್ಲಿ ಒಂದು ಪಾಲಾದರೂ ಮಣ್ಣಿಗೆ ಹಿಂದಿರುಗುತ್ತದೆ.