ಚಕ್ರ ಬಿಚ್ಚಿದಾಗಲೆಲ್ಲ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕೇ?

ಹೇಳಿಕೆ: ಚಕ್ರ ಬಿಚ್ಚಿ ಕಾರಿಗೆ ಏನೇ ರಿಪೇರಿ ಮಾಡಿಸಿದರೂ ಅಲೈನ್‌ಮೆಂಟ್ ಕಡ್ಡಾಯ.

ನಿಜಾಂಶ: ಭಾಗಶಃ ಮಾತ್ರ ನಿಜ. ಚಕ್ರದ ಹಿಂದೆ ಯಾವ ಭಾಗ ಬಿಚ್ಚಿದ್ದಾರೆ ಎಂಬುದು ಮುಖ್ಯ.

ಅಲೈನ್‌ಮೆಂಟ್ ಎಂದರೇನು?

ಚಕ್ರಗಳು ನಿಂತಿರುವ ಕೋನವನ್ನು ಸರಿಪಡಿಸುವುದು. ಮೇಲಿನಿಂದ ನೋಡಿದರೆ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿದೆಯೇ ಎಂಬುದು ‘ಟೋ’. ಎದುರಿನಿಂದ ನೋಡಿದರೆ ಎಷ್ಟು ವಾಲಿದೆ ಎಂಬುದು ‘ಕ್ಯಾಂಬರ್’. ಈ ಕೋನಗಳನ್ನು ಹಿಡಿದಿಡುವುದು ಸ್ಟೀರಿಂಗ್ ಮತ್ತು ಸಸ್ಪೆನ್ಷನ್ ಭಾಗಗಳು, ವೀಲ್ ನಟ್‌ಗಳಲ್ಲ.

ಯಾವಾಗ ಬೇಕಿಲ್ಲ?

ಪಂಕ್ಚರ್ ಹಾಕಿಸಿದಾಗ, ಬ್ರೇಕ್ ಪ್ಯಾಡ್ ಅಥವಾ ಡಿಸ್ಕ್ ಬದಲಿಸಿದಾಗ. ಹೊಸ ಟೈರ್ ಹಾಕಿಸಿದರೆ ಬ್ಯಾಲೆನ್ಸಿಂಗ್ ಬೇಕು; ಹಳೆಯ ಟೈರ್ ಒಂದೇ ಅಂಚಿನಲ್ಲಿ ಸವೆದಿದ್ದರೆ ಅಲೈನ್‌ಮೆಂಟ್ ಕೂಡ ನೋಡಿಸಿ.

ಯಾವಾಗ ಬೇಕೇ ಬೇಕು?

- ಟೈ ರಾಡ್ ಎಂಡ್ ಅಥವಾ ಸ್ಟೀರಿಂಗ್ ರ‍್ಯಾಕ್ ಬದಲಿಸಿದಾಗ
- ಲೋವರ್ ಆರ್ಮ್, ಅದರ ಬುಷ್ ಅಥವಾ ಮುಂದಿನ ಶಾಕ್ ಅಬ್ಸಾರ್ಬರ್ ಬದಲಿಸಿದಾಗ
- ಕ್ಲಚ್ ಕೆಲಸಕ್ಕೆ ಸಬ್‌ಫ್ರೇಮ್ ಇಳಿಸಿದಾಗ
- ಅಪಘಾತವಾದಾಗ ಅಥವಾ ದೊಡ್ಡ ಗುಂಡಿಗೆ ಬಿದ್ದ ಮೇಲೆ ಸ್ಟೀರಿಂಗ್ ಸೊಟ್ಟಗೆ ನಿಂತಾಗ

‘ಎಷ್ಟು ಸುತ್ತು ಬಿಚ್ಚಿದೆವೋ ಅಷ್ಟೇ ಸುತ್ತು ಹಾಕಿದ್ದೇವೆ, ಸಾರ್’

ಟೈ ರಾಡ್ ಎಂಡ್ ಬದಲಿಸಿದ ಮೆಕ್ಯಾನಿಕ್ ಹೀಗೆ ಹೇಳುವುದುಂಟು. ಅಲೈನ್‌ಮೆಂಟ್ ಅಂಗಡಿಯವರೆಗೆ ನಿಧಾನವಾಗಿ ಹೋಗಲು ಅದು ಸಾಕು, ಆಮೇಲೆ ಸಾಲದು. ಹೊಸ ಭಾಗದ ಉದ್ದ ಒಂದೆರಡು ಮಿಲಿಮೀಟರ್ ವ್ಯತ್ಯಾಸವಾದರೂ ಟೋ ಬದಲಾಗುತ್ತದೆ. ಚಕ್ರ ಸಾಗುವ ದಿಕ್ಕಿಗೆ ಅರ್ಧ ಡಿಗ್ರಿ ಓರೆಯಾಗಿದ್ದರೆ ಪ್ರತಿ ಕಿಲೋಮೀಟರಿಗೆ ಸುಮಾರು 9 ಮೀಟರ್ ಅಡ್ಡಕ್ಕೆ ಉಜ್ಜಿದಂತೆ. ಬೆಂಗಳೂರಿನಿಂದ ಮೈಸೂರು ಮುಟ್ಟುವಷ್ಟರಲ್ಲಿ ಇದು ಒಂದು ಕಿಲೋಮೀಟರನ್ನೂ ಮೀರುತ್ತದೆ! ಹೀಗೆ ಸವೆದ ಟೈರ್ ಮಳೆಯಲ್ಲಿ ಬ್ರೇಕ್ ಒತ್ತಿದಾಗ ಜಾರಬಹುದು.

ಪತ್ತೆ ಹೇಗೆ?

ತ್ಯಾಗರಾಜನಗರ, ಎನ್.ಆರ್. ಕಾಲೊನಿಯ ಅಡ್ಡರಸ್ತೆಗಳಲ್ಲಿ ನಿಧಾನವಾಗಿ ಓಡಿಸುವಾಗ ದೋಷ ತಿಳಿಯದೇ ಇರಬಹುದು, ಹೆದ್ದಾರಿಯಲ್ಲಿ ತಿಳಿಯುತ್ತದೆ. ಮೊದಲು ನಾಲ್ಕೂ ಟೈರ್‌ಗಳ ಗಾಳಿ ಸರಿಮಾಡಿಸಿ, ಏಕೆಂದರೆ ಗಾಳಿ ಕಡಿಮೆಯಾದ ಕಡೆಗೂ ಕಾರು ಎಳೆಯುತ್ತದೆ. ಮಳೆನೀರು ಹರಿಯಲೆಂದು ರಸ್ತೆಯನ್ನು ಅಂಚಿಗೆ ಇಳಿಜಾರು ಮಾಡಿರುವುದರಿಂದ ಎಡಕ್ಕೆ ತುಸು ಎಳೆಯುವುದು ಸಹಜ. ನೇರ ಹೋಗುವಾಗ ಸ್ಟೀರಿಂಗ್ ಸೊಟ್ಟಗಿದ್ದರೆ ಅಲೈನ್‌ಮೆಂಟ್ ಮಾಡಿಸಿ. ವೇಗ 80 ದಾಟಿದಾಗ ಸ್ಟೀರಿಂಗ್ ನಡುಗಿದರೆ ಮೊದಲು ಬ್ಯಾಲೆನ್ಸಿಂಗ್ ನೋಡಿಸಿ.

ದುಡ್ಡು ಕೊಡುವ ಮುನ್ನ

‘ಮೊದಲು’ ಮತ್ತು ‘ನಂತರ’ದ ಅಳತೆಗಳಿರುವ ಪ್ರಿಂಟ್ ಕೇಳಿ. ಅನೇಕ ಸಣ್ಣ ಕಾರುಗಳಲ್ಲಿ ಸುಲಭವಾಗಿ ಹೊಂದಿಸಬಹುದಾದದ್ದು ಮುಂದಿನ ಟೋ ಮಾತ್ರ. ಕ್ಯಾಂಬರ್‌ಗೆಂದು ಬೇರೆ ಬಿಲ್ ಹಾಕಿದರೆ, ಎಲ್ಲಿ, ಹೇಗೆ ಹೊಂದಿಸಿದಿರಿ ಎಂದು ಕೇಳಿ. ಸವೆದ ಬುಷ್ ಹಾಗೆಯೇ ಇದ್ದರೆ ಅಲೈನ್‌ಮೆಂಟ್ ನಿಲ್ಲುವುದಿಲ್ಲ; ಮೊದಲು ರಿಪೇರಿ, ಆಮೇಲೆ ಅಲೈನ್‌ಮೆಂಟ್.

ತೀರ್ಮಾನ: ಚಕ್ರ ಬಿಚ್ಚಿದ ಮಾತ್ರಕ್ಕೆ ಅಲೈನ್‌ಮೆಂಟ್ ಬೇಕಿಲ್ಲ. ಸ್ಟೀರಿಂಗ್, ಸಸ್ಪೆನ್ಷನ್ ಬಿಚ್ಚಿದ್ದರೆ ಮಾತ್ರ ತಪ್ಪಿಸಬೇಡಿ.